ರಿಳ್ವಾನ್, ರಿಜ್ವಾನ್: ಎರಡೂ ಒಂದೇ ಹೆಸರಾ?

ಸಿದ್ದಾಪುರ ಟೀಚರ್ ಕೇಳಿದ್ದು:

ಕೊಡಗಿನ ಸಿದ್ದಾಪುರದ ಹತ್ತಿರ ಒಂದು ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ನನ್ನ ಊರು ಶನಿವಾರಸಂತೆ ಕಡೆ. ಈ ಸಲ ನಾಲ್ಕನೇ ಕ್ಲಾಸಿನಲ್ಲಿ 31 ಮಕ್ಕಳು. ಅದರಲ್ಲಿ 11 ಮಕ್ಕಳದ್ದು ಮುಸ್ಲಿಂ ಹೆಸರು.

ಜೂನ್‌ನಲ್ಲಿ ಹಾಜರಿ ಪುಸ್ತಕ ಬರೆಯುವಾಗ ಒಂದು ಹೆಸರು ರಿಳ್ವಾನ್ ಅಂತ ಇತ್ತು. ಯಾರೋ ಕೈತಪ್ಪಿ ಬರೆದಿದ್ದಾರೆ ಅಂದುಕೊಂಡೆ. ಅದೇ ಕ್ಲಾಸಿನಲ್ಲಿ ಒಬ್ಬ ರಿಜ್ವಾನ್ ಇದ್ದ. ಇವನೂ ರಿಜ್ವಾನೇ ಇರಬೇಕು ಅಂತ ತಿದ್ದಿಬಿಟ್ಟೆ. ಒಂದು ವಾರಕ್ಕೆ ಹುಡುಗನ ಅಜ್ಜ ಬಂದರು. ಜೋರು ಮಳೆ. ಕೊಡೆ ಮಡಚಿ ಜಗುಲಿಯಲ್ಲೇ ನಿಂತರು. "ಟೀಚರೇ, ನನ್ನ ಮೊಮ್ಮಗನ ಹೆಸರಿನಿಂದ ಒಂದು ಳ ತೆಗೆದಿದ್ದೀರಂತೆ. ವಾಪಸ್ ಕೊಡಿ" ಅಂದರು. ಕೊಟ್ಟೆ. ವೈಟ್ನರ್ ಹಚ್ಚಿ ಮತ್ತೆ ಬರೆದೆ.

ಹೋಗುವಾಗ ಇನ್ನೊಂದು ಮಾತು ಹೇಳಿದರು. ಹಿಂದಿನ ಬೆಂಚಿನ ಹುಡುಗನನ್ನು ನಾನು ಅಬ್ದುಲ್ ಅಂತ ಕರೆಯುವುದು ಅವರ ಕಿವಿಗೆ ಬಿದ್ದಿತ್ತು. "ಅಬ್ದುಲ್ ಅಂದರೆ ಅರ್ಧ ಹೆಸರು" ಅಂದರು. ಇನ್ನರ್ಧ ಎಲ್ಲಿ ಅಂತ ಕೇಳುವಷ್ಟರಲ್ಲಿ ಬೆಲ್ ಹೊಡೆಯಿತು.

ಯಾರಾದರೂ ಬಿಡಿಸಿ ಹೇಳುತ್ತೀರಾ? ಹಾಗೇ ಸರ್‌ನೇಮ್ ವಿಷಯ. ಆನ್‌ಲೈನಿನಲ್ಲಿ ತುಂಬುವಾಗ ಆ ಕಾಲಂ ಬಿಟ್ಟರೆ ಮುಂದಕ್ಕೇ ಹೋಗುವುದಿಲ್ಲ. ಕೆಲವರು ಅಪ್ಪನ ಹೆಸರು ಕೊಡುತ್ತಾರೆ, ಕೆಲವರು ಮನೆಪೆದ (ಮನೆತನದ ಹೆಸರು), ಕೆಲವರಿಗೆ ಏನೂ ಇಲ್ಲ. ಅರಬರಿಗೆ ಸರ್‌ನೇಮ್ ಅಂತ ಇದೆಯಾ?

ತೋಟದ ರೈಟರ್, ನಾಪೋಕ್ಲು:

ಟೀಚರೇ, ಆ ಅಜ್ಜ ನಾನಲ್ಲ. ನಾನಾಗಿದ್ದರೂ ಕೊಡೆ ಹಿಡಿದು ಬರುತ್ತಿದ್ದೆ.

ಎರಡೂ ಒಂದೇ ಹೆಸರು. ತೃಪ್ತಿ, ದೇವರ ಮೆಚ್ಚುಗೆ ಅಂತ ಅರ್ಥ. ಸ್ವರ್ಗದ ಬಾಗಿಲು ಕಾಯುವ ದೇವದೂತನಿಗೂ ಇದೇ ಹೆಸರು. ತಕರಾರು ಇರುವುದು ನಡುವಿನ ಒಂದು ಅಕ್ಷರದ್ದು. ಅರಬ್ಬಿಯಲ್ಲಿ ಅದು ನಮ್ಮ ದ ಅಲ್ಲ, ಜ ಅಲ್ಲ, ಳ ಕೂಡ ಅಲ್ಲ. ನಾಲಗೆಯ ಪಕ್ಕವನ್ನು ಮೇಲಿನ ದವಡೆ ಹಲ್ಲಿಗೆ ಒತ್ತಿ ಹೇಳಬೇಕು ಅಂತ ಮದ್ರಸದಲ್ಲಿ ಉಸ್ತಾದರು ಕಲಿಸಿದ್ದರು. ನಮಗೆ ಬರುತ್ತಿರಲಿಲ್ಲ, ಬೆತ್ತ ಬರುತ್ತಿತ್ತು. ಅರಬರಿಗೆ ಆ ಅಕ್ಷರದ ಮೇಲೆ ಎಷ್ಟು ಹೆಮ್ಮೆ ಅಂದರೆ, ತಮ್ಮ ಭಾಷೆಯನ್ನೇ ಆ ಅಕ್ಷರದ ಭಾಷೆ ಅಂತ ಕರೆದುಕೊಳ್ಳುತ್ತಾರೆ.

ಪರ್ಷಿಯಾದವರ ಬಾಯಲ್ಲಿ ಅದು ಝ ಆಯಿತು. ಅಲ್ಲಿಂದ ಉರ್ದುವಿಗೆ ಬಂತು, ಉರ್ದುವಿನಿಂದ ಕನ್ನಡಕ್ಕೆ ಬರುವಾಗ ಜ ಆಗಿ ಕೂತಿತು. ಮಲಬಾರಿನ ಮುಸ್ಲಿಮರು, ಅಂದರೆ ಮಾಪಿಳ್ಳೆಯರ ಬಾಯಲ್ಲಿ ಅದೇ ಅಕ್ಷರ ಳ. ಕನ್ನಡ ಪೇಪರಿನಲ್ಲಿ ರಂಜಾನ್ ಅಂತ ಬರುತ್ತದೆ, ನಮ್ಮ ಮನೆಯಲ್ಲಿ ರಮಳಾನ್. ತಿಂಗಳು ಅದೇ, ಉಪವಾಸ ಅದೇ.

ಅಂದರೆ ಈ ಹೆಸರುಗಳು ಕೊಡಗಿಗೆ ಎರಡು ದಾರಿಯಲ್ಲಿ ಬಂದಿವೆ. ಒಂದು ನೆಲದ ದಾರಿ. ಪರ್ಷಿಯನ್, ಉರ್ದು ದಾಟಿ, ದಖನಿ (ದಕ್ಷಿಣದ ಉರ್ದು) ಮಾತಾಡುವವರ ಜೊತೆ ಮೈಸೂರು ಕಡೆಯಿಂದ ಬಂದದ್ದು. ಇನ್ನೊಂದು ನೀರಿನ ದಾರಿ. ಯೆಮನ್‌ನಿಂದ ಹಡಗಿನಲ್ಲಿ ಮಲಬಾರಿಗೆ, ಅಲ್ಲಿಂದ ಮಾಕುಟ್ಟದ ಕಾಡು ಹತ್ತಿ ವಿರಾಜಪೇಟೆಗೆ. ನಿಮ್ಮ ಕ್ಲಾಸಿನಲ್ಲಿ ಎರಡೂ ದಾರಿ ಒಂದೇ ಬೆಂಚಿನಲ್ಲಿ ಕೂತಿವೆ.

ಎಮ್ಮೆಮಾಡಿನ ಉರೂಸ್ ಪೋಸ್ಟರ್ ನೋಡಿದ್ದೀರಾ? ಸೂಫಿ ಶಹೀದರ ಹೆಸರಿನ ಜೊತೆ ಸಯ್ಯಿದ್ ಹಸನ್ ಸಖಾಫ್ ಅಲ್ ಹಳ್ರಮಿ ಅಂತ ಇರುತ್ತದೆ. ಹಳ್ರಮಿ ಅಂದರೆ ಯೆಮನ್‌ನ ಹದ್ರಮೌತ್ ನಾಡಿನವರು. ಅಲ್ಲೂ ಅದೇ ಅಕ್ಷರ, ಅದೇ ಳ. ನಮಾಜು, ಆಚಾರದಲ್ಲಿ ನಮ್ಮ ಕಡೆಯವರು ಶಾಫಿ ಪದ್ಧತಿ, ದಖನಿಯವರು ಹನಫಿ. ಹದ್ರಮೌತ್‌ನವರೂ ಶಾಫಿಯೇ. ಹೆಸರು, ನಮಾಜು ಎಲ್ಲ ಒಂದೇ ಹಡಗಿನಲ್ಲಿ ಬಂದವು.

ಇನ್ನು ಅಬ್ದುಲ್. ಅಬ್ದ್ ಅಂದರೆ ದಾಸ. ಆಮೇಲಿನ 'ಉಲ್' ಮುಂದಿನ ಪದಕ್ಕೆ ಸೇರಿದ ತುಂಡು. ಮುಂದೆ ಬರಬೇಕಾದದ್ದು ದೇವರ ಒಂದು ಹೆಸರು. ಖಾದರ್ ಅಂದರೆ ಶಕ್ತಿವಂತ, ಕರೀಂ ಅಂದರೆ ಉದಾರಿ, ರಹ್ಮಾನ್ ಅಂದರೆ ಕರುಣಾಳು. ಬರೀ ಅಬ್ದುಲ್ ಅಂದರೆ ರಾಮನ ದಾಸನನ್ನು "ಏ ನದಾಸ, ಬಾ ಇಲ್ಲಿ" ಅಂತ ಕರೆದ ಹಾಗೆ. ಶಂಸುದ್ದೀನ್, ಬದ್ರುದ್ದೀನ್ ಇವುಗಳಲ್ಲೂ ಅಷ್ಟೇ. ಶಂಸ್ ಸೂರ್ಯ, ಬದ್ರ್ ಹುಣ್ಣಿಮೆ ಚಂದ್ರ, ದೀನ್ ಧರ್ಮ. ಹಿಂದಿನ 'ಉದ್ದೀನ್' ಮಾತ್ರ ಕತ್ತರಿಸಿ ಸರ್‌ನೇಮ್ ಕಾಲಂಗೆ ಹಾಕುತ್ತಾರೆ. 'ಧರ್ಮದ' ಅಂತ ಒಂದು ಸರ್‌ನೇಮ್!

ಅಬ್ದುಲ್ ರಹ್ಮಾನ್ ಅಂತ ಬರೆದರೂ ಓದುವುದು ಅಬ್ದುರ್ರಹ್ಮಾನ್. ರ, ಸ, ನ, ದ ಮುಂತಾದ 14 ಅಕ್ಷರಗಳ ಮುಂದೆ ಆ ಲ ಕರಗಿ ಅದೇ ಅಕ್ಷರ ಆಗುತ್ತದೆ. ನಮ್ಮ ಸಂಧಿಯ ಹಾಗೆ. ಉಳಿದ 14ರ ಮುಂದೆ ಲ ಲ ಆಗಿಯೇ ಇರುತ್ತದೆ. ನಮ್ಮ ಅಜ್ಜಿಯರಿಗೆ ಈ ವ್ಯಾಕರಣ ಯಾವುದೂ ಬೇಕಾಗಿರಲಿಲ್ಲ. ಇಡೀ ಅಬ್ದುರ್ರಹ್ಮಾನನ್ನು ತೇದು ತೇದು ಅಂದ್ರು ಮಾಡಿಟ್ಟರು.

ಸರ್‌ನೇಮ್ ವಿಷಯ ನಾಳೆ ಬರೆಯುತ್ತೇನೆ. ಕರೆಂಟು ಹೋಗುವ ಸೂಚನೆ ಇದೆ.

ಕುಶಾಲನಗರ ಟೈಲರ್:

ರೈಟರ್ ಸಾಬ್ ಚೆನ್ನಾಗಿ ಹೇಳಿದ್ದಾರೆ. ನೆಲದ ದಾರಿಯವನು ನಾನು. ಮನೆ ಮಾತು ದಖನಿ. ನಮ್ಮ ಬಾಯಲ್ಲಿ ಅರಬ್ಬಿಯ ನಾಲ್ಕು ಬೇರೆ ಬೇರೆ ಅಕ್ಷರಗಳು ಒಂದೇ ಝ ಆಗಿವೆ. ಬರೆಯುವಾಗ ನಾಲ್ಕು, ಹೇಳುವಾಗ ಒಂದು.

ಟೀಚರ್, ಇನ್ನೊಂದು ತಿಳ್ಕೊಳ್ಳಿ. ಮುಸ್ಲಿಂ ಹೆಸರೆಲ್ಲ ಅರಬ್ಬಿ ಅಲ್ಲ. ನಮ್ಮ ಕಡೆ ಹೆಣ್ಣುಮಕ್ಕಳಿಗೆ ಪರ್ವೀನ್ ಜಾಸ್ತಿ. ಅದು ಪರ್ಷಿಯನ್, ಆಕಾಶದ ಕೃತ್ತಿಕೆ ನಕ್ಷತ್ರಗಳ ಹೆಸರು. ಫಿರೋಜ್, ಶಹನಾಜ್ ಕೂಡ ಪರ್ಷಿಯನ್. ಖಾನ್, ಬೇಗಂ ತುರ್ಕರ ಕಡೆಯಿಂದ ಬಂದವು. ನೂರ್‌ಜಹಾನ್ ಅಂದರೆ ಅರ್ಧ ಅರಬ್ಬಿ, ಅರ್ಧ ಪರ್ಷಿಯನ್. ನೂರ್ ಬೆಳಕು, ಜಹಾನ್ ಜಗತ್ತು.

ಮತ್ತೆ ಇಬ್ರಾಹಿಂ, ಯೂಸುಫ್, ಮೂಸಾ, ದಾವೂದ್, ಮರ್ಯಂ ಇವೆಲ್ಲ ಅರಬ್ಬಿಗಿಂತ ಹಳೆಯವು. ಚರ್ಚಿನವರು ಅಬ್ರಹಾಂ, ಜೋಸೆಫ್, ಮೋಸೆಸ್, ಡೇವಿಡ್, ಮೇರಿ ಅನ್ನುತ್ತಾರಲ್ವಾ, ಅದೇ ಜನ. ನನ್ನ ಅಂಗಡಿಗೆ ಸುಂಟಿಕೊಪ್ಪದ ಒಬ್ಬ ಜೋಸೆಫ್ ಬರುತ್ತಾರೆ. ಅಳತೆ ಬುಕ್ಕಿನಲ್ಲಿ ಅವರ ಕೆಳಗೇ ಒಬ್ಬ ಯೂಸುಫ್. ಸೊಂಟ ಕೂಡ ಇಬ್ಬರದ್ದೂ 38. ಪ್ಯಾಂಟು ಒಮ್ಮೆ ಅದಲು ಬದಲಾಗಿ ಹೋಯಿತು, ಇಬ್ಬರೂ ಒಂದು ವಾರ ಹಾಕಿಕೊಂಡು ಓಡಾಡಿದರು.

ಅರಬ್ಬಿಯಲ್ಲಿ ಟೈಲರಿಗೆ ಖಯ್ಯಾತ್ ಅನ್ನುತ್ತಾರೆ. ಅಲ್ಲಿ ಅದೇ ಮನೆತನದ ಹೆಸರು ಕೂಡ. ಕಮ್ಮಾರ ಹದ್ದಾದ್, ಬಡಗಿ ನಜ್ಜಾರ್. ಲೆಬನಾನ್‌ನಲ್ಲಿ ಹದ್ದಾದ್ ಅನ್ನುವ ಕ್ರಿಶ್ಚಿಯನ್ನರು ಎಷ್ಟೋ ಜನ ಇದ್ದಾರೆ. ಅರಬ್ಬಿ ಹೆಸರು ಅಂದ ತಕ್ಷಣ ಮುಸ್ಲಿಂ ಅಂತ ಲೆಕ್ಕ ಹಾಕುವುದೂ ತಪ್ಪೇ.

ತೋಟದ ರೈಟರ್, ನಾಪೋಕ್ಲು:

ಕರೆಂಟು ಹೋಗಿ ಎರಡು ದಿನ ಆಯಿತು, ಈಗ ಬಂತು.

ಸರ್‌ನೇಮ್ ಕೇಳಿದಿರಿ. ನನ್ನದೇ ಒಂದು ತಪ್ಪು ಹೇಳುತ್ತೇನೆ, ಅದರಲ್ಲೇ ಉತ್ತರ ಇದೆ. 34 ವರ್ಷ ಕಾಫಿ ತೋಟದಲ್ಲಿ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ ಬರೆದೆ. ಶುರುವಿನಲ್ಲಿ ನಮ್ಮಲ್ಲಿ ಐದು ಜನ ಮಮ್ಮದ್ ಇದ್ದರು. ಮುಹಮ್ಮದ್ ಮಲಬಾರಿನಲ್ಲಿ ಮಮ್ಮದ್ ಆಗುತ್ತದೆ. ತುರ್ಕಿಯಲ್ಲಿ ಮೆಹ್ಮೆತ್, ಪಶ್ಚಿಮ ಆಫ್ರಿಕಾದಲ್ಲಿ ಮಮಾದು. ಒಂದು ಶನಿವಾರ ಬಟವಾಡೆಯಲ್ಲಿ ಒಬ್ಬ ಮಮ್ಮದ್‌ನ ಆರು ದಿನದ ಕೂಲಿ ಇನ್ನೊಬ್ಬ ಮಮ್ಮದ್‌ಗೆ ಹೋಯಿತು. ತೆಗೆದುಕೊಂಡವನು ಸಂತೆಗೆ ಹೋಗಿ ಮೀನು ತಂದಾಗಿತ್ತು. ದುಡ್ಡು ನನ್ನ ಜೇಬಿನಿಂದ ಕೊಟ್ಟೆ.

ಸೋಮವಾರದಿಂದ ಹೀಗೆ ಬರೆಯತೊಡಗಿದೆ. ಆಲಿ ಮಗ ಮಮ್ಮದ್. ಪಾತು ಅಪ್ಪ ಮಮ್ಮದ್. ಕೊಂಡಂಗೇರಿ ಮಮ್ಮದ್. ಮೇಸ್ತ್ರಿ ಮಮ್ಮದ್. ಉದ್ದ ಮಮ್ಮದ್.

ಎಷ್ಟೋ ವರ್ಷದ ಮೇಲೆ ಗೊತ್ತಾಯಿತು, ಅರಬರ ಹೆಸರಿನ ಪದ್ಧತಿಯೇ ಇದು ಅಂತ. ಇಂಥವರ ಮಗ ಅನ್ನುವುದು ನಸಬ್, ಅದಕ್ಕೆ ಬಿನ್ ಅಥವಾ ಇಬ್ನ್ ಹಾಕುತ್ತಾರೆ. ಮಗಳಾದರೆ ಬಿಂತ್. ಇಂಥವರ ಅಪ್ಪ ಅನ್ನುವುದು ಕುನ್ಯ, ಅದಕ್ಕೆ ಅಬು. ಅಮ್ಮನಾದರೆ ಉಮ್ಮು. ಊರಿನದ್ದೋ ಕುಲದ್ದೋ ಕಸುಬಿನದ್ದೋ ಗುರುತು ಸೇರಿದರೆ ನಿಸ್ಬ. ಉದ್ದ, ಕುಳ್ಳ, ಹಿರಿಯ ಅಂತ ಅಡ್ಡಹೆಸರು ಸೇರಿದರೆ ಲಖಬ್.

ಮೊರಾಕೊದ ಪ್ರವಾಸಿ ಇಬ್ನ್ ಬತೂತ 14ನೇ ಶತಮಾನದಲ್ಲಿ ನಮ್ಮ ಹೊನ್ನಾವರ, ಮಂಗಳೂರು ನೋಡಿ ಹೋದವರು. ಅವರ ಹೆಸರು ಬಿಚ್ಚಿದರೆ ಅಬು ಅಬ್ದುಲ್ಲಾ ಮುಹಮ್ಮದ್ ಇಬ್ನ್ ಅಬ್ದುಲ್ಲಾ ಅಲ್ ಲವಾತಿ ಅಲ್ ತಂಜಿ. ಅಬ್ದುಲ್ಲಾನ ಅಪ್ಪ, ಮುಹಮ್ಮದ್, ಅಬ್ದುಲ್ಲಾನ ಮಗ, ಲವಾತ ಕುಲದವ, ತಂಜಾ ಊರಿನವ. ಇಷ್ಟುದ್ದ ಇದ್ದರೂ ಅವರ ಸ್ವಂತ ಹೆಸರು ಮುಹಮ್ಮದ್ ಒಂದೇ. ನನ್ನ ಚೆಕ್‌ರೋಲಿನಲ್ಲಿ ಆರನೇ ಮಮ್ಮದ್.

ನಮ್ಮ ಕೊಡಗಿನಲ್ಲಿ ಇದು ತಲೆಕೆಳಗು. ಜನರಲ್ ಕಾರ್ಯಪ್ಪನವರು ಕೊಡಂದೇರ ಮಾದಪ್ಪ ಕಾರ್ಯಪ್ಪ. ಮೊದಲು ಒಕ್ಕ (ಮನೆತನ), ಆಮೇಲೆ ಅಪ್ಪ, ಕೊನೆಗೆ ತಾನು. ಅರಬರಲ್ಲಿ ತಾನು ಮೊದಲು, ಅಪ್ಪ ಆಮೇಲೆ, ಊರು ಕುಲ ಕೊನೆಗೆ. ಕೊಡವ ಮಾಪಿಳ್ಳೆಯರು ಎರಡನ್ನೂ ಇಟ್ಟುಕೊಂಡಿದ್ದಾರೆ. ಮನೆಪೆದ ಕೊಡವ ತಕ್ಕ್ (ಕೊಡವ ಭಾಷೆ), ಸ್ವಂತ ಹೆಸರು ಅರಬ್ಬಿ. ಅವರ ಮನೆಪೆದ ಮೊದಲು ಬಂದಿದೆ ಅಂತ ಅದನ್ನೇ ಹುಡುಗನ ಹೆಸರು ಅಂದುಕೊಳ್ಳಬೇಡಿ ಟೀಚರೇ. ಅಜ್ಜಂದಿರು ಮತ್ತೆ ಬರುತ್ತಾರೆ.

ಮೊಯ್ದು ಅನ್ನುವ ಹೆಸರು ನಿಮಗೆ ಕೊಡಗಿನಲ್ಲಿ ಹೆಜ್ಜೆಹೆಜ್ಜೆಗೆ ಸಿಗುತ್ತದೆ. ಅದು ಮುಹ್ಯಿದ್ದೀನ್. ಧರ್ಮಕ್ಕೆ ಜೀವ ಕೊಟ್ಟವನು ಅಂತ ಅರ್ಥ. ಬಗ್ದಾದಿನಲ್ಲಿ 1166ರಲ್ಲಿ ತೀರಿಕೊಂಡ ಅಬ್ದುಲ್ ಖಾದರ್ ಜೀಲಾನಿಯವರ ಬಿರುದು ಅದು. ಜೀಲಾನಿ ಅಂದರೆ ಕ್ಯಾಸ್ಪಿಯನ್ ಸಮುದ್ರದ ಬದಿಯ ಗೀಲಾನ್ ನಾಡಿನವರು. ಅವರ ಹೆಸರು ಎತ್ತದೆ ನಮ್ಮಜ್ಜಿ ಬೆಳಿಗ್ಗೆ ಒಲೆ ಹಚ್ಚುತ್ತಿರಲಿಲ್ಲ. ಬಿರುದು ನಮ್ಮಲ್ಲಿ ಮಕ್ಕಳ ಹೆಸರಾಯಿತು, ಆಮೇಲೆ ಮೊಯ್ದು ಆಯಿತು. ಫಾತಿಮಾ ಪಾತು ಆದಳು. ಅಬೂಬಕರ್ ಪೋಕರ್ ಆದ. ಬಕ್ರ್ ಅಂದರೆ ಒಂಟೆ ಮರಿ ಅಂತ ಪೋಕರ್‌ಗಳಿಗೆ ಹೇಳಬೇಡಿ, ನಮ್ಮ ಭಾವ ಒಬ್ಬರು ಅದೇ ಹೆಸರಿನವರು.

ಹುಸೇನ್ ಅಂದರೆ ಚಿಕ್ಕ ಹಸನ್. ನಾವು ಹೆಸರಿಗೆ ಕುಂಞಿ (ಚಿಕ್ಕ) ಅಂತ ಸೇರಿಸುತ್ತೇವಲ್ಲ, ಅರಬರು ಅದನ್ನು ಪದದ ಒಳಗೇ ಸೇರಿಸುತ್ತಾರೆ. ಮೂರು ಅಕ್ಷರ ಬೇರು, ಅದರಿಂದ ಹತ್ತು ಚಿಗುರು. ಹ ಮ ದ ಅಂದರೆ ಹೊಗಳಿಕೆ. ಹಾಮಿದ್ ಹೊಗಳುವವನು, ಮಹ್ಮೂದ್ ಹೊಗಳಿಸಿಕೊಂಡವನು, ಮುಹಮ್ಮದ್ ತುಂಬ ಹೊಗಳಿಸಿಕೊಂಡವನು.

ನಮ್ಮ ತೋಟದ ಅರೇಬಿಕಾ ಕೂಡ ಹೀಗೇ. ಗಿಡ ಹುಟ್ಟಿದ್ದು ಇಥಿಯೋಪಿಯಾದಲ್ಲಿ. ಯೂರೋಪಿನವರಿಗೆ ಯೆಮನ್ ದಾರಿಯಲ್ಲಿ ಪರಿಚಯ ಆಯಿತು. 1753ರಲ್ಲಿ ಲಿನ್ನೇಯಸ್ ಅದಕ್ಕೆ ಅರಬ್ಬಿ ನಿಸ್ಬ ಹಾಕಿಬಿಟ್ಟರು.

ವಿರಾಜಪೇಟೆ, ಈಗ ಶಾರ್ಜಾ:

ಕಾಕ, ನಿಮ್ಮ ಚೆಕ್‌ರೋಲ್ ಪಾಸ್‌ಪೋರ್ಟ್‌ಗೂ ಬೇಕಿತ್ತು. ನನ್ನ ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು, ಸರ್‌ನೇಮ್ ಖಾಲಿ. 2022ರ ನವೆಂಬರ್‌ನಲ್ಲಿ ಇಲ್ಲಿ ಒಂದೇ ಹೆಸರಿನವರನ್ನು ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ ಅಂತ ನಿಯಮ ಬಂತು. ನಾನು ಟಿಕೆಟ್ ಮಾಡಿಸಿ ಕೂತಿದ್ದೆ. ಪಾಸ್‌ಪೋರ್ಟ್‌ನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಸಾಕು ಅಂತ ಆಮೇಲೆ ಹೇಳಿದರು, ಬದುಕಿದೆ. ಟೀಚರ್, ಮಕ್ಕಳಿಗೆ ಈಗಲೇ ಅಪ್ಪನ ಹೆಸರು ಪೂರ್ತಿ ಬರೆಸಿ. ಬರೀ ಇನಿಷಿಯಲ್ ಬೇಡ.

ಒಂದು ಡೌಟು. ಮದುವೆ ಕಾಗದದಲ್ಲಿ ಉಸ್ತಾದರ ಹೆಸರಿನ ಮುಂದೆ ಬಾಖವಿ, ಫೈಝಿ, ಸಅದಿ ಅಂತ ಇರುತ್ತಲ್ಲ, ಅದು ಮನೆತನವಾ?

ತೋಟದ ರೈಟರ್, ನಾಪೋಕ್ಲು:

ಮನೆತನ ಅಲ್ಲ ಮೋನೆ, ಓದಿದ ಜಾಗ. ವೆಲ್ಲೂರಿನ ಬಾಖಿಯಾತ್‌ನಲ್ಲಿ ಓದಿದವರು ಬಾಖವಿ. ಪಟ್ಟಿಕ್ಕಾಡಿನ ಜಾಮಿಯಾ ನೂರಿಯಾದವರು ಫೈಝಿ. ಕಾಸರಗೋಡಿನ ಸಅದಿಯಾದವರು ಸಅದಿ. ಹೊಸ ಕಾಲದ ನಿಸ್ಬ ಅನ್ನು.

ಸಿದ್ದಾಪುರ ಟೀಚರ್:

ರೈಟರೇ, ಟೈಲರಣ್ಣ, ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಹಿಂದಿನ ಬೆಂಚಿನವನಿಗೆ ಪೂರ್ತಿ ಹೆಸರು ಕೇಳಿದೆ. ಎದ್ದು ನಿಂತು "ಅಬ್ದುಸ್ಸಮದ್" ಅಂದ. ಬೋರ್ಡಿನ ಮೇಲೆ ಅಬ್ದುಲ್ ಸಮದ್ ಅಂತ ಬರೆದು, ಲ ಅಳಿಸಿ ಸ ಹಾಕಿ ತೋರಿಸಿದೆ. ಮಕ್ಕಳಿಗೆ ಆಟದ ಹಾಗೆ ಖುಷಿ ಆಯಿತು. ಸಮದ್ ಅಂದರೆ ಎಲ್ಲರೂ ನೆಚ್ಚಿಕೊಳ್ಳುವ ದೇವರು ಅಂತ ಅವನೇ ಹೇಳಿದ. ಮೂರು ತಿಂಗಳಲ್ಲಿ ಅವನು ಇಷ್ಟು ಜೋರಾಗಿ ಮಾತಾಡಿದ್ದು ಇದೇ ಮೊದಲು.

ಆಮೇಲೆ ರಿಜ್ವಾನ್, ರಿಳ್ವಾನ್ ಇಬ್ಬರನ್ನೂ ನಿಲ್ಲಿಸಿ ಎರಡು ದಾರಿಯ ಕಥೆ ಹೇಳಿದೆ. ಈಗ ಹೊಸ ತಲೆನೋವು. ಹಡಗಿನಲ್ಲಿ ಬಂದ ಹೆಸರೇ ಬೇಕಂತೆ, ರಿಜ್ವಾನ್ ತನಗೂ ಳ ಹಾಕಿಕೊಡಿ ಅಂತ ಹಟ ಹಿಡಿದಿದ್ದಾನೆ.

ತೋಟದ ರೈಟರ್, ನಾಪೋಕ್ಲು:

ಕೊಡಬೇಡಿ. ಅವನಿಗೂ ಒಬ್ಬ ಅಜ್ಜ ಇರುತ್ತಾರೆ.