ಮೈತ್ರಿಯ ಬಿಂದುಗಳು 190 ಕಿ.ಮೀ. ಆಚೆ ಬೀಳುತ್ತಿವೆ, ಶೇಪ್‌ಫೈಲ್‌ನಲ್ಲಿ ಪಿಆರ್‌ಜೆ ಇಲ್ಲ

ನಕ್ಷೆ_ವಿದ್ಯಾರ್ಥಿ:
ನಮಸ್ಕಾರ. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಅಂಟಾರ್ಕ್ಟಿಕಾದ ಶಿರ್ಮಾಕರ್ ಓಯಸಿಸ್‌ನ (ಹಿಮ ಮುಚ್ಚದ ಬಂಡೆ ಪ್ರದೇಶ) ನಕ್ಷೆ ಮಾಡ್ತಿದ್ದೀನಿ. ಭಾರತದ ಮೈತ್ರಿ ಸಂಶೋಧನಾ ಕೇಂದ್ರ ಅಲ್ಲೇ ಇದೆ, ಕೆಲವೇ ಕಿ.ಮೀ. ದೂರದಲ್ಲಿ ರಷ್ಯಾದ ನೊವೊಲಜರೆವ್‌ಸ್ಕಾಯಾ ಕೇಂದ್ರ. ಕರಾವಳಿ ಮತ್ತು ಬಂಡೆ ಲೇಯರ್‌ಗಳನ್ನು ಸ್ಕಾರ್‌ನ (ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ಸಮಿತಿ) ಅಂಟಾರ್ಕ್ಟಿಕ್ ಡಿಜಿಟಲ್ ಡೇಟಾಬೇಸ್‌ನಿಂದ ಇಳಿಸಿಕೊಂಡೆ, ಅವು ಇಪಿಎಸ್‌ಜಿ 3031ರಲ್ಲಿವೆ, ಅಂದರೆ ದಕ್ಷಿಣ ಧ್ರುವವನ್ನು ನಡುವಿಟ್ಟು ಭೂಮಿಯನ್ನು ಚಪ್ಪಟೆ ನಕ್ಷೆಗೆ ಇಳಿಸುವ ಪ್ರೊಜೆಕ್ಷನ್‌ನಲ್ಲಿ. ಬೇರೆ ಕಡೆಯಿಂದ ಸಿಕ್ಕ ಕೆರೆಗಳ, ಹಿಮದ ಮೇಲಿನ ಕಂಬಗಳ ಶೇಪ್‌ಫೈಲ್‌ಗೆ (ನಕ್ಷೆ ಮಾಹಿತಿಯ ಕಡತ) ಪಿಆರ್‌ಜೆ, ಅಂದರೆ ಯಾವ ಪ್ರೊಜೆಕ್ಷನ್ ಅಂತ ಹೇಳುವ ಜೊತೆ ಕಡತ, ಇರಲಿಲ್ಲ. ಅದಕ್ಕೂ 3031 ಅಂತಲೇ ಕೊಟ್ಟೆ. ಎಲ್ಲವೂ ಬಂಡೆ ಬಿಟ್ಟು ಬಲಕ್ಕೆ, ಸಮುದ್ರದ ಅಂಚಿಗೆ ಹೋಗಿ ಕೂತಿವೆ. ಅಳೆದರೆ ಸುಮಾರು 190 ಕಿ.ಮೀ. ಕೈಯಲ್ಲಿ ಎಳೆದು ತಂದು ಕೂರಿಸಿದರೆ ಓರೆಯಾಗುತ್ತೆ.

ಧ್ರುವನಕ್ಷೆ:
ಎಳೆಯಬೇಡಿ. ಅಟ್ರಿಬ್ಯೂಟ್ (ಹೆಸರು, ವಿವರಗಳ ಪಟ್ಟಿ) ಅಲ್ಲ, ನಿರ್ದೇಶಾಂಕಗಳನ್ನು ನೋಡಿ. ಮೈತ್ರಿ ಹತ್ತಿರದ ಒಂದು ಬಿಂದುವಿನ ಎಕ್ಸ್, ವೈ ಎಷ್ಟಿದೆ?

ನಕ್ಷೆ_ವಿದ್ಯಾರ್ಥಿ:
ಎಕ್ಸ್ ಸುಮಾರು 6,00,000. ವೈ ಸುಮಾರು 21,46,000.

ಧ್ರುವನಕ್ಷೆ:
ಸಿಕ್ಕಿತು. 3031ರಲ್ಲಿ ಮೈತ್ರಿ ಇರಬೇಕಾದ್ದು ಹೆಚ್ಚು ಕಡಿಮೆ 4,29,000 ಮತ್ತು 20,64,000ದ ಹತ್ತಿರ. ನಿಮ್ಮದು ಯುಟಿಎಂ (ಭೂಮಿಯನ್ನು ಉದ್ದುದ್ದ ವಲಯಗಳಾಗಿ ಹಂಚಿ ನಕ್ಷೆಗಿಳಿಸುವ ಪ್ರೊಜೆಕ್ಷನ್) 32 ದಕ್ಷಿಣ ವಲಯದ ಸಂಖ್ಯೆ, ಅಂದರೆ ಇಪಿಎಸ್‌ಜಿ 32732. ಎರಡರಲ್ಲೂ ಎಕ್ಸ್ ಆರಂಕಿ, ವೈ ಏಳಂಕಿ, ಅದೂ ಇಪ್ಪತ್ತು ಲಕ್ಷದ ಆಸುಪಾಸು. ಇಲ್ಲಿ ಯಾರ ಕಣ್ಣಾದರೂ ತಪ್ಪುತ್ತೆ.

ನಕ್ಷೆ ತಂತ್ರಾಂಶ ಕ್ಯುಜಿಐಎಸ್‌ನಲ್ಲಿ ‘ಸೆಟ್ ಲೇಯರ್ ಸಿಆರ್‌ಎಸ್’ಗೆ ಹೋಗಿ 32732 ಕೊಡಿ. ಅದು ಲೆಕ್ಕ ಮಾಡಲ್ಲ, ಈ ಸಂಖ್ಯೆಗಳು ಯಾವ ಪ್ರೊಜೆಕ್ಷನ್‌ನವು ಅಂತ ಹೆಸರು ಹಚ್ಚುತ್ತೆ ಅಷ್ಟೇ. ಆಮೇಲೆ ಎಕ್ಸ್‌ಪೋರ್ಟ್ ಮಾಡುವಾಗ 3031 ಆರಿಸಿ, ಆಗ ಸಂಖ್ಯೆಗಳೇ ಬದಲಾಗುತ್ತವೆ. ನೀವು ಮೊದಲನೆಯದರಲ್ಲೇ ಎರಡನೆಯ ಕೆಲಸ ಆಗುತ್ತೆ ಅಂದುಕೊಂಡಿದ್ದೀರಿ.

ನಕ್ಷೆ_ವಿದ್ಯಾರ್ಥಿ:
ಕೆರೆಗಳು ಬಂಡೆಯ ನಡುವೆ ಸರಿಯಾಗಿ ಕೂತವು ಸರ್, ತುಂಬಾ ಥ್ಯಾಂಕ್ಸ್! ಆದರೆ ಓಯಸಿಸ್‌ನ ದಕ್ಷಿಣಕ್ಕೆ ಹಿಮದ ಮೇಲಿರುವ ಕಂಬಗಳು ಇನ್ನೊಂದು ತಂಡದ ಲೇಯರ್‌ಗಿಂತ ಎಂಬತ್ತು ಮೀಟರ್‌ನಷ್ಟು ಆಚೀಚೆ ಇವೆ. ವಲಯ ತಪ್ಪಿದೆಯಾ?

ಧ್ರುವನಕ್ಷೆ:
ಕೆರೆ ಸರಿ ಕೂತು ಕಂಬ ಮಾತ್ರ ಜರುಗಿದ್ದರೆ ಪ್ರೊಜೆಕ್ಷನ್‌ನ ತಪ್ಪಲ್ಲ. ಎರಡೂ ಲೇಯರ್‌ಗಳನ್ನು ಅಳೆದ ವರ್ಷ ಯಾವುದು?

ನಕ್ಷೆ_ವಿದ್ಯಾರ್ಥಿ:
ಒಂದು 2004, ಇನ್ನೊಂದು 2016.

ಹಿಮಹಾಸು:
ನಡುವೆ ಬಾಯಿ ಹಾಕ್ತೀನಿ. ಕಂಬ ಬಂಡೆಯಲ್ಲಿ ನೆಟ್ಟಿಲ್ಲ, ಹಿಮದಲ್ಲಿ ನೆಟ್ಟಿದೆ. ಅಲ್ಲಿ ಹಿಮ ವರ್ಷಕ್ಕೆ ಕೆಲವು ಮೀಟರ್ ಕರಾವಳಿ ಕಡೆ ಹರಿಯುತ್ತೆ. 12 ವರ್ಷಕ್ಕೆ ನಿಮ್ಮ 80 ಮೀಟರ್ ಆಗಿಹೋಗುತ್ತೆ, ಎರಡೂ ತಂಡದವರ ಅಳತೆ ಸರಿಯೇ. ದಕ್ಷಿಣ ಧ್ರುವದಲ್ಲಿ ಹಿಮ ವರ್ಷಕ್ಕೆ ಸುಮಾರು 10 ಮೀಟರ್ ಜರುಗುತ್ತೆ, ಅದಕ್ಕೇ ಧ್ರುವದ ಗುರುತನ್ನು ಪ್ರತಿ ಜನವರಿ 1ಕ್ಕೆ ಹೊಸ ಜಾಗದಲ್ಲಿ ನೆಡ್ತಾರೆ. ನಮ್ಮ ಮೊದಲ ಕೇಂದ್ರ ದಕ್ಷಿಣ ಗಂಗೋತ್ರಿಯೂ ಹಿಮದ ಮೇಲೇ ಇತ್ತು, ಕೊನೆಗೆ ಹಿಮದಲ್ಲಿ ಹೂತುಹೋಯಿತು. ವರ್ಷ ಬರೆಯದ ಹಿಮದ ಬಿಂದುವನ್ನು ನಾನು ಯಾವ ದೇಶದಿಂದ ಬಂದರೂ ನಂಬಲ್ಲ. ಕಂಬದ ಲೇಯರ್‌ನಲ್ಲಿ ಅಳೆದ ದಿನಾಂಕಕ್ಕೆ ಒಂದು ಕಾಲಂ ಇಡಿ, ಎರಡನ್ನೂ ಬೇರೆ ಬೇರೆಯಾಗಿಯೇ ಉಳಿಸಿ. ಆ ಅಂತರವೇ ನಿಮಗೆ ಹಿಮದ ವೇಗ ಕೊಡುತ್ತೆ, ಪ್ರಾಜೆಕ್ಟ್‌ಗೆ ಬಂಗಾರದಂಥ ಮಾಹಿತಿ.

ನಕ್ಷೆ_ವಿದ್ಯಾರ್ಥಿ:
ತಪ್ಪು ಅಂತ ಅಳಿಸಿಹಾಕುವವನಿದ್ದೆ! ಕೊನೆಯದೊಂದು. ಎರಡು ಕೆರೆ ಪಟ್ಟಿಗಳನ್ನು ಹೆಸರಿನ ಮೇಲೆ ಜಾಯಿನ್ ಮಾಡಿದರೆ (ಹೆಸರು ಹೊಂದಿಸಿ ಜೋಡಿಸಿದರೆ) ಕೆರೆಗಳ ಸಂಖ್ಯೆ ಜಾಸ್ತಿ ಬರುತ್ತಿದೆ.

ಹಿಮಹಾಸು:
ಮೈತ್ರಿ ಪಕ್ಕದ ಪ್ರಿಯದರ್ಶಿನಿ ಕೆರೆ ಇನ್ನೊಂದು ಪಟ್ಟಿಯಲ್ಲಿ ಜುಬ್ ಅಂತ ಇದೆಯಾ ನೋಡಿ. ನೀರು ಒಂದೇ, ಹೆಸರು ಎರಡು. ಸ್ಕಾರ್‌ನ ಕಾಂಪೋಸಿಟ್ ಗೆಜೆಟಿಯರ್‌ನಲ್ಲಿ (ಸ್ಥಳನಾಮಗಳ ಪಟ್ಟಿ) ಬೇರೆ ಬೇರೆ ದೇಶಗಳು ಇಟ್ಟ ಹೆಸರುಗಳು ಒಟ್ಟಿಗೇ ಸಿಗುತ್ತವೆ. ಒಂದು ಕೆರೆಗೆ ಒಂದೇ ಗುರುತಿನ ಸಂಖ್ಯೆ ಕೊಟ್ಟು ಅದರ ಮೇಲೆ ಜಾಯಿನ್ ಮಾಡಿ. ಹೆಸರು ಯಾವುದನ್ನೂ ತೆಗೆಯಬೇಡಿ.

ನಕ್ಷೆ_ವಿದ್ಯಾರ್ಥಿ:
ಇದೆ ಸರ್, ಎರಡೂ ಇವೆ. ಈಗ ಲೆಕ್ಕ ಕೂಡಿತು.

ಧ್ರುವನಕ್ಷೆ:
ಸಂತೋಷ. ಒಂದು ಕೆಲಸ ಬಾಕಿ ಇದೆ. 1959ರ ಅಂಟಾರ್ಕ್ಟಿಕ್ ಒಪ್ಪಂದದ ಮೂರನೇ ವಿಧಿ ವೈಜ್ಞಾನಿಕ ಮಾಹಿತಿ ಸಾಧ್ಯವಾದಷ್ಟು ಮಟ್ಟಿಗೆ ಮುಕ್ತವಾಗಿ ಸಿಗಬೇಕು ಅನ್ನುತ್ತೆ. ನಿಮಗೆ ಮಾಹಿತಿ ಸಿಕ್ಕಿತ್ತು, ಆದರೆ ಪಿಆರ್‌ಜೆ ಇಲ್ಲದೆ ಎರಡು ದಿನ ಹಾಳಾಯಿತು. ಸರಿಮಾಡಿದ ಪ್ರತಿಯನ್ನು ಪಿಆರ್‌ಜೆ, ದಿನಾಂಕದ ಕಾಲಂ ಸಮೇತ ಕೊಟ್ಟವರಿಗೇ ವಾಪಸ್ ಕಳಿಸಿ.

ನಕ್ಷೆ_ವಿದ್ಯಾರ್ಥಿ:
ಈಗಷ್ಟೇ ಕಳಿಸಿದೆ ಸರ್. ಕೆರೆಗಳ ಎರಡೂ ಹೆಸರು ಹಾಕಿದ್ದೀನಿ.