ದೊಡ್ಡವರ ಕಣ್ಣು, ಮಕ್ಕಳ ಕಣ್ಣು ಎರಡೂ ನೋಡುವ ಸರ್ಜನ್‌ಗಳೇ, ಸ್ವಲ್ಪ ಅನುಭವ ಹೇಳಿ

ಪ್ರಶ್ನೆ (ಕೊನೇ ವರ್ಷದ ರೆಸಿಡೆಂಟ್)

ಕಣ್ಣಿನ ವಿಭಾಗದಲ್ಲಿ ನನ್ನ ರೆಸಿಡೆನ್ಸಿ (ಸ್ಪೆಷಲಿಸ್ಟ್ ಆಗುವ ತರಬೇತಿ) ಮುಗಿಯುತ್ತಾ ಬಂದಿದೆ. ಪೊರೆ ಆಪರೇಷನ್ ಕೈಗೆ ಹತ್ತಿದೆ, ಅದರಲ್ಲಿ ಖುಷಿಯೂ ಇದೆ. ಆದರೆ ಮಕ್ಕಳ ಓಪಿಡಿಯಲ್ಲಿ ಕೂರೋಕೆ ಶುರು ಮಾಡಿದಾಗಿನಿಂದ ಮನಸ್ಸು ಆ ಕಡೆ ಎಳೆಯುತ್ತಿದೆ. ಮಕ್ಕಳ ಕಣ್ಣು ಮತ್ತು ಮೆಳ್ಳೆಗಣ್ಣಿನ ಫೆಲೋಶಿಪ್ (ರೆಸಿಡೆನ್ಸಿ ಆದ ಮೇಲಿನ ವಿಶೇಷ ತರಬೇತಿ) ಮಾಡೋಣ ಅಂತಿದ್ದೇನೆ. ಜೊತೆಯವರು, "ಅಲ್ಲಿಗೆ ಹೋದರೆ ದೊಡ್ಡವರ ಸರ್ಜರಿ ಕೈತಪ್ಪಿ ಹೋಗುತ್ತೆ, ಕೆಲಸ ಜಾಸ್ತಿ, ಸಂಪಾದನೆ ಕಮ್ಮಿ" ಅನ್ನುತ್ತಾರೆ. ಎರಡನ್ನೂ ಇಟ್ಟುಕೊಂಡು ಹೋಗೋಕೆ ಆಗುತ್ತಾ? ಹೋಗುತ್ತಿರುವವರು ಹೇಗೆ ಕಲಿತಿರಿ, ದಿನದ ಕೆಲಸ ಹೇಗಿರುತ್ತೆ, ದಯವಿಟ್ಟು ಹೇಳಿ. ಸರ್ಜನ್‌ಗಳೇ ಆಗಬೇಕಿಲ್ಲ, ಜೊತೆಯಲ್ಲಿ ಕೆಲಸ ಮಾಡುವವರೂ ಬರೆಯಿರಿ.

ಮಕ್ಕಳ ಕಣ್ಣು ಮತ್ತು ಮೆಳ್ಳೆಗಣ್ಣಿನ ಸರ್ಜನ್

ಖಂಡಿತ ಆಗುತ್ತೆ. ನನ್ನ ಓಟಿ ಪಟ್ಟಿಯಲ್ಲಿ ಕೈಗೂಸೂ ಇರುತ್ತೆ, ಎಪ್ಪತ್ತು ದಾಟಿದವರೂ ಇರುತ್ತಾರೆ. ಮೆಳ್ಳೆಗಣ್ಣು ಅಂದ ಕೂಡಲೇ ಎಲ್ಲರಿಗೂ ಮಕ್ಕಳು ನೆನಪಾಗುತ್ತಾರೆ, ಆದರೆ ಥೈರಾಯ್ಡ್ ಕಾಯಿಲೆಯಲ್ಲಿ ಕಣ್ಣಿನ ಸ್ನಾಯು ದಪ್ಪಗಾಗಿ ಬಿಗಿದುಕೊಂಡವರು, ತಲೆಗೆ ಪೆಟ್ಟು ಬಿದ್ದು, ಕಣ್ಣು ತಿರುಗಿಸುವ ಆರನೇ ನರವೋ ನಾಲ್ಕನೇ ನರವೋ ಸೋತು ಒಂದು ಮೆಟ್ಟಿಲು ಎರಡಾಗಿ ಕಾಣುವವರು, ಚಿಕ್ಕಂದಿನಲ್ಲಿ ಯಾರೂ ತೋರಿಸದೆ ಹಾಗೇ ಬೆಳೆದು ಈಗ ಎದುರಿಗಿರುವವರ ಮುಖ ನೋಡಿ ಮಾತಾಡೋಕೆ ಹಿಂಜರಿಯುವವರು, ಇವರೆಲ್ಲ ದೊಡ್ಡವರೇ ತಾನೇ? ಇವರಿಗೆ "ಈ ವಯಸ್ಸಿಗೆ ಏನೂ ಮಾಡೋಕಾಗಲ್ಲ" ಅಂತ ಯಾರೋ ಹೇಳಿ ಕಳಿಸಿರುತ್ತಾರೆ. ಮಾಡೋಕೆ ಬೇಕಾದಷ್ಟಿದೆ. ಸ್ನಾಯುವನ್ನು ಜಾರುಗಂಟು ಹಾಕಿ ಬಿಟ್ಟು, ರೋಗಿ ಪೂರ್ತಿ ಎಚ್ಚರವಾದ ಮೇಲೆ ಎದುರು ಕೂರಿಸಿಕೊಂಡು, ಎರಡು ಕಾಣೋದು ಒಂದಾಗುವವರೆಗೆ ದಾರ ಸರಿಪಡಿಸುವ ವಿಧಾನ ಇದೆ. ಚಿಕ್ಕ ಮಗುವಿಗೆ ಅದು ಹೊಂದೋದು ಕಷ್ಟ, ದೊಡ್ಡವರಿಗೆ ಹೇಳಿ ಮಾಡಿಸಿದ ಹಾಗಿದೆ. ಈಗ ಎಲ್ಲರೂ ಮುಖದ ಸುಕ್ಕಿಗೆ ಅಂದುಕೊಂಡಿರುವ ಬೊಟಾಕ್ಸ್ ಕೂಡ ನಮ್ಮ ಕಡೆಯಿಂದಲೇ ಹೋದದ್ದು. ಆಲನ್ ಸ್ಕಾಟ್ ಅನ್ನುವ ಕಣ್ಣಿನ ಡಾಕ್ಟರು ಅದನ್ನು ಮೆಳ್ಳೆಗಣ್ಣಿಗೆ ಮದ್ದಾಗಿ ಬೆಳೆಸಿದರು. 1989ರಲ್ಲಿ ಅಮೆರಿಕದಲ್ಲಿ ಅದಕ್ಕೆ ಮೊದಲು ಒಪ್ಪಿಗೆ ಸಿಕ್ಕಿದ್ದು ಮೆಳ್ಳೆಗಣ್ಣು ಮತ್ತು ರೆಪ್ಪೆಯ ಸೆಳೆತಕ್ಕೆ.

ಫೆಲೋಶಿಪ್ ಬೇಕಾ ಅಂದರೆ, ಬೇಕು. ತರಬೇತಿಯ ಲೆಕ್ಕ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್‌ನಲ್ಲಿ ಕಣ್ಣಿನ ತರಬೇತಿಯೇ 7 ವರ್ಷ, ಬೇರೆ ಕಡೆ ಅದರ ಅರ್ಧಕ್ಕೂ ಮುಗಿಯುತ್ತೆ. ಆದರೆ ಒಂದು ವಿಷಯ ಎಲ್ಲ ಕಡೆಯೂ ಹೆಚ್ಚುಕಮ್ಮಿ ಒಂದೇ, ಪೊರೆಗೆ ಹೋಲಿಸಿದರೆ ಮೆಳ್ಳೆಗಣ್ಣು ಕೈಗೆ ಸಿಗೋದು ತುಂಬಾ ಕಮ್ಮಿ. ಅಮೆರಿಕದ ರೆಸಿಡೆಂಟ್ ತಾನೇ ಮುಖ್ಯ ಸರ್ಜನ್ ಆಗಿ ಮಾಡಲೇಬೇಕಾದ ಪೊರೆ ಆಪರೇಷನ್ ಕನಿಷ್ಠ 86, ಮೆಳ್ಳೆಗಣ್ಣಿನದು ಕನಿಷ್ಠ 10. ಹತ್ತು ಮೆಳ್ಳೆಗಣ್ಣು ಮಾಡಿದವರಿಗೆ ಸ್ನಾಯು ಹಿಡಿಯೋದು ಗೊತ್ತಾಗುತ್ತೆ ಅಷ್ಟೇ, ಯಾವ ಸ್ನಾಯುವನ್ನು ಎಷ್ಟು ಮಿಲಿಮೀಟರ್ ಸರಿಸಬೇಕು, ಯಾರಿಗೆ ಆಪರೇಷನ್ ಬೇಡವೇ ಬೇಡ ಅನ್ನೋದು ಗೊತ್ತಾಗಲ್ಲ.

ಇನ್ನು ಮಕ್ಕಳ ಪೊರೆ. ದೊಡ್ಡವರ ಪೊರೆ ಕೈಗೆ ಹತ್ತಿದೆ ಅಂದಿರಲ್ಲ, ಅದು ದೊಡ್ಡ ಆಸ್ತಿ, ಆದರೆ ಮಗುವಿನ ಕಣ್ಣಿಗೆ ಅದನ್ನೇ ತಂದು ಇಳಿಸೋಕಾಗಲ್ಲ. ಹುಟ್ಟಿದ ಮಗುವಿನ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 17 ಮಿಲಿಮೀಟರ್, ದೊಡ್ಡವರದು ಸುಮಾರು 24. ಲೆನ್ಸನ್ನು ಸುತ್ತಿರುವ ತೆಳು ಚೀಲದ (ಪೊರೆಚೀಲ) ಮುಂಭಾಗ ರಬ್ಬರಿನಂತೆ ಎಳೆಯುತ್ತೆ, ದೊಡ್ಡವರಲ್ಲಿ ಹರಿದ ಹಾಗೆ ಸುತ್ತ ಹರಿಯೋಕೆ ಹೋದರೆ ಅಂಚಿಗೆ ಓಡಿಬಿಡುತ್ತೆ. ಅದಕ್ಕೇ ಫೋರ್ಸೆಪ್ಸ್ ಅನ್ನು ಪದೇ ಪದೇ ಬಿಟ್ಟು ಹಿಡಿದು, ಪ್ರತಿ ಸಲವೂ ನಡುವಿನ ಕಡೆಗೇ ಎಳೆಯಬೇಕು. ಹಿಂದಿನ ಪೊರೆಚೀಲವನ್ನು ದೊಡ್ಡವರಲ್ಲಿ ಜೋಪಾನ ಮಾಡುತ್ತೀರಿ. ಕೂಸಿನಲ್ಲಿ ನೀವೇ ಅದಕ್ಕೆ ಕಿಂಡಿ ಮಾಡಿ ಮುಂಭಾಗದ ವಿಟ್ರಿಯಸ್ (ಕಣ್ಣಿನೊಳಗೆ ತುಂಬಿರುವ ಲೋಳೆ) ಸ್ವಲ್ಪ ತೆಗೆಯಬೇಕು, ಇಲ್ಲದಿದ್ದರೆ ಅದು ಮತ್ತೆ ಮಬ್ಬಾಗೋದು ಬಹುಪಾಲು ಗ್ಯಾರಂಟಿ. ಒಂದು ಕಡೆ ಕಲಿತ ಎಚ್ಚರಿಕೆಯನ್ನು ಇನ್ನೊಂದು ಕಡೆ ಬೇಕಂತಲೇ ಬಿಡಬೇಕು, ಇದು ನಿಜವಾಗಿ ಕಷ್ಟ.

ಪೊರೆ ತೆಗೆದ ಮೇಲೆ ಕಣ್ಣಿನೊಳಗೆ ಕೃತಕ ಲೆನ್ಸ್ ಹಾಕೋದೋ ಬೇಡವೋ ಅನ್ನೋದು ಇನ್ನೊಂದು. ಒಂದೇ ಕಣ್ಣಿಗೆ ಪೊರೆ ಇದ್ದ, 7 ತಿಂಗಳು ತುಂಬದ 114 ಕೂಸುಗಳ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಅರ್ಧ ಮಕ್ಕಳಿಗೆ ಒಳಗೇ ಲೆನ್ಸ್ ಹಾಕಿದರು, ಉಳಿದವರಿಗೆ ಕಾಂಟ್ಯಾಕ್ಟ್ ಲೆನ್ಸ್ ಕೊಟ್ಟರು. ದೃಷ್ಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಬರಲಿಲ್ಲ, ಒಳಗೆ ಲೆನ್ಸ್ ಹಾಕಿದವರಿಗೆ ಮತ್ತೆ ಓಟಿಗೆ ಹೋಗಬೇಕಾದದ್ದು ಜಾಸ್ತಿ. ಹಾಗಾಗಿ ಅಷ್ಟು ಚಿಕ್ಕ ಕೂಸಿಗೆ ನಾನು ಆತುರ ಮಾಡಲ್ಲ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ದೊಡ್ಡವರ ಪೊರೆ ತೆಗೆದರೆ ಮಾರನೇ ದಿನ ಪಟ್ಟಿ ಬಿಚ್ಚಿದಾಗ ಅವರಿಗೆ ಕಾಣುತ್ತೆ, ಯಾಕಂದ್ರೆ ನೋಡೋದನ್ನು ಅವರ ಮೆದುಳು ಯಾವತ್ತೋ ಕಲಿತಾಗಿದೆ. ಕೂಸಿಗೆ ಹಾಗಲ್ಲ. ಡೇವಿಡ್ ಹ್ಯೂಬೆಲ್, ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು, ಎಳವೆಯಲ್ಲಿ ನೋಟ ಸಿಗದ ಕಣ್ಣನ್ನು ಮೆದುಳು ಬಿಟ್ಟುಬಿಡುತ್ತೆ ಅಂತ ತೋರಿಸಿದರು, 1981ರಲ್ಲಿ ಅವರಿಗೆ ನೊಬೆಲ್ ಬಂತು. ಹುಟ್ಟಿನಿಂದಲೇ ಒಂದು ಕಣ್ಣಿಗೆ ದಟ್ಟ ಪೊರೆ ಇದ್ದರೆ ಸುಮಾರು 6 ವಾರದೊಳಗೆ ತೆಗೆಯಬೇಕು ಅನ್ನೋದು ಇದೇ ಕಾರಣಕ್ಕೆ. ತೆಗೆದ ಮೇಲೆ ಕನ್ನಡಕ, ಒಳ್ಳೇ ಕಣ್ಣನ್ನು ಮುಚ್ಚಿ ಕಟ್ಟುವ ಪ್ಯಾಚ್, ಗ್ಲಾಕೋಮಾ (ಕಣ್ಣಿನ ಒತ್ತಡ ಏರಿ ನರ ಹಾಳಾಗುವ ಕಾಯಿಲೆ) ಬರುತ್ತಾ ಅಂತ ಒತ್ತಡ ನೋಡೋದು, ಇದು ವರ್ಷಗಟ್ಟಲೆ. ನೀವು ಓಟಿಯಲ್ಲಿ ಮಾಡಿದ್ದು ಶುರು ಅಷ್ಟೇ. ಈ ವರ್ಷಗಟ್ಟಲೆಯ ಕೆಲಸ ನಿಮಗೆ ಇಷ್ಟವಾದರೆ ಬನ್ನಿ. ಬರೀ ಆಪರೇಷನ್ ಮಾತ್ರ ಇಷ್ಟ ಅಂದರೆ ದೊಡ್ಡವರ ಪೊರೆಯಲ್ಲೇ ಇರಿ, ಅದರಲ್ಲಿ ಯಾವ ಕೊರತೆಯೂ ಇಲ್ಲ.

ಅನಸ್ತೇಶಿಯಾ ಡಾಕ್ಟರು

ನಮ್ಮ ಕಡೆಯಿಂದ ಒಂದೇ ಮಾತು. ಕಣ್ಣಿನ ಸ್ನಾಯು ಎಳೆದರೆ ಹೃದಯದ ಬಡಿತ ಇಳಿಯುತ್ತೆ, ಮಕ್ಕಳಲ್ಲಿ ಇದು ಜೋರು. 1908ರಿಂದ ಗೊತ್ತಿರುವ ವಿಷಯವೇ. ಮಾನಿಟರಿನ ಸದ್ದು ನಿಧಾನ ಆಗೋದು ಕೇಳಿಸಿದ ತಕ್ಷಣ ಸ್ನಾಯು ಹಿಡಿದ ಹುಕ್ಕು ಸಡಿಲ ಬಿಡಿ, ಬಹುಪಾಲು ಅಷ್ಟರಲ್ಲೇ ಬಡಿತ ವಾಪಸ್ ಬರುತ್ತೆ, ಬರದಿದ್ದರೆ ನಾವು ಬಡಿತ ಏರಿಸುವ ಅಟ್ರೋಪಿನ್ ಕೊಡುತ್ತೇವೆ. ಒಳ್ಳೇ ಮೆಳ್ಳೆಗಣ್ಣಿನ ಸರ್ಜನ್ ಎಳೆಯೋ ಮೊದಲೇ "ಈಗ ಎಳೆಯುತ್ತೇನೆ" ಅಂತ ಬಾಯಿಬಿಟ್ಟು ಹೇಳುತ್ತಾರೆ. ದೊಡ್ಡವರ ಪೊರೆಯನ್ನು ಬರೀ ಮರಗಟ್ಟಿಸುವ ಡ್ರಾಪ್ಸ್ ಹಾಕಿ ಮಾಡಿ ಅಭ್ಯಾಸ ಆದವರಿಗೆ ತಲೆಯ ಹತ್ತಿರ ನಾವೊಬ್ಬರು ಇದ್ದೇವೆ ಅನ್ನೋದೇ ಮರೆತಿರುತ್ತೆ. ಈ ಅಭ್ಯಾಸ ಮೊದಲ ದಿನದಿಂದ ಮಾಡಿಕೊಳ್ಳಿ.

ಆರ್ಥಾಪ್ಟಿಸ್ಟ್

ದೃಷ್ಟಿ, ಕಣ್ಣಿನ ಚಲನೆ ಪರೀಕ್ಷಿಸೋದು ನಮ್ಮ ಕೆಲಸ. ಹಾಗಂತ ಮಗುವಿನ ದೃಷ್ಟಿ ಅಳೆಯೋದನ್ನು "ಅದು ಅವರ ಕೆಲಸ" ಅಂತ ನಮಗೆ ಬಿಟ್ಟು ಹೋಗಬೇಡಿ. ಬಂದು ಪಕ್ಕದಲ್ಲಿ ನೆಲದ ಮೇಲೆ ಕೂತುಕೊಳ್ಳಿ. ಮಾತು ಬಾರದ ಮಗು ಬಂತು ಅಂದುಕೊಳ್ಳಿ. ಬಲಗಣ್ಣು ಮುಚ್ಚಿದೆ, ಮಗು ಆರಾಮಾಗಿ ಆಟಿಕೆ ನೋಡುತ್ತಿದೆ. ಎಡಗಣ್ಣು ಮುಚ್ಚಿದೆ, ತಲೆ ಆ ಕಡೆ ಈ ಕಡೆ ಆಡಿಸುತ್ತೆ, ನನ್ನ ಕೈ ತಳ್ಳುತ್ತೆ, ಅಳೋಕೆ ಶುರು ಮಾಡುತ್ತೆ. ಮತ್ತೆ ಬಲಗಣ್ಣು ಮುಚ್ಚಿದರೆ ಸುಮ್ನಾಗುತ್ತೆ. ಅಲ್ಲಿಗೆ ಬಲಗಣ್ಣು ಸರಿಯಾಗಿ ಕಾಣುತ್ತಿಲ್ಲ ಅಂತ ಮಗುವೇ ಹೇಳಿತು. ಒಂದು ಆಟಿಕೆಗೆ ಒಂದೇ ನೋಟ ಸಿಗುತ್ತೆ, ಎರಡನೇ ಸಲಕ್ಕೆ ಬೇರೆ ಆಟಿಕೆ ಬೇಕು, ಜೇಬಿನಲ್ಲಿ ನಾಲ್ಕಾರು ಇಟ್ಟುಕೊಂಡಿರಿ. ಬಿಳಿ ಕೋಟು ಬಿಚ್ಚಿಡಿ. ಮೊದಲು ಮುಟ್ಟದೆ ನೋಡುವ ಪರೀಕ್ಷೆ, ಡ್ರಾಪ್ಸ್ ಕಟ್ಟಕಡೆಗೆ, ಯಾಕಂದ್ರೆ ಡ್ರಾಪ್ಸ್ ಬಿದ್ದ ಮೇಲೆ ಆ ದಿನ ಮಗು ನಿಮ್ಮನ್ನು ನಂಬಲ್ಲ.

ಪ್ಯಾಚ್ ವಿಷಯ. ಸೋಮಾರಿ ಕಣ್ಣು (ಮೆದುಳು ಬಳಸದೆ ಬಿಟ್ಟು ನೋಟ ಮಂದವಾದ ಕಣ್ಣು) ಮಧ್ಯಮ ಮಟ್ಟದ್ದಾದರೆ ದಿನಕ್ಕೆ 2 ಗಂಟೆ ಕಟ್ಟಿದರೂ 6 ಗಂಟೆ ಕಟ್ಟಿದಷ್ಟೇ ಫಲ ಅಂತ 2003ರಲ್ಲೇ ದೊಡ್ಡ ಅಧ್ಯಯನ ಬಂದಿದೆ. ಒಳ್ಳೇ ಕಣ್ಣಿಗೆ ಅಟ್ರೋಪಿನ್ ಡ್ರಾಪ್ಸ್ ಹಾಕಿ ಮಬ್ಬು ಮಾಡೋದೂ ಹತ್ತಿರ ಹತ್ತಿರ ಅಷ್ಟೇ ಕೆಲಸ ಮಾಡುತ್ತೆ. ಇದನ್ನು ಗೊತ್ತಿಟ್ಟುಕೊಳ್ಳಿ, ಯಾಕಂದ್ರೆ 6 ಗಂಟೆ ಅಂತ ಬರೆದುಕೊಟ್ಟ ಮನೆಯಲ್ಲಿ ಎಷ್ಟೋ ಸಲ ಒಂದು ಗಂಟೆಯೂ ಕಟ್ಟಿರಲ್ಲ.

ದೊಡ್ಡವರ ಪೊರೆ ಮಾತ್ರ ಮಾಡುವ ಸರ್ಜನ್

ಮೆಳ್ಳೆಗಣ್ಣಿನ ಸರ್ಜನ್ ಮೇಡಂ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ. ಕೈ ತರಬೇತಿ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ. ಕೈಗಿಂತ ಮೊದಲು ಕಾಲು ಪಳಗಬೇಕು. ಒಂದು ಪಾದ ಮೈಕ್ರೋಸ್ಕೋಪಿನ ಪೆಡಲ್ ಮೇಲೆ, ಇನ್ನೊಂದು ಫೇಕೋ (ಅಲ್ಟ್ರಾಸೌಂಡ್‌ನಿಂದ ಪೊರೆ ಒಡೆದು ಹೀರುವ ಯಂತ್ರ) ಪೆಡಲ್ ಮೇಲೆ. ಫೇಕೋ ಪೆಡಲ್ ಸ್ವಲ್ಪ ಒತ್ತಿದರೆ ಬರೀ ನೀರು, ಇನ್ನೂ ಒತ್ತಿದರೆ ಹೀರುತ್ತೆ, ಪೂರ್ತಿ ಒತ್ತಿದರೆ ಅಲ್ಟ್ರಾಸೌಂಡ್. ಪೊರೆಚೀಲ ಉಪಕರಣದ ತುದಿಗೆ ಸಿಕ್ಕಿಬಿತ್ತು ಅನ್ನೋ ಕ್ಷಣದಲ್ಲಿ ಪಾದ ತಾನಾಗಿ ನೀರಿನ ಹಂತಕ್ಕೆ ಬರಬೇಕು, ಯೋಚನೆ ಮಾಡೋಕೆ ಅಲ್ಲಿ ಸಮಯ ಇರಲ್ಲ. ಸಿಮ್ಯುಲೇಟರ್ ಇದ್ದರೆ ಅದರ ಮೇಲೆ, ಇಲ್ಲದಿದ್ದರೆ ಪ್ರಾಣಿಗಳ ಕಣ್ಣಿನ ಮೇಲೆ, ಕೂದಲಿಗಿಂತ ತೆಳುವಾದ 10-0 ನೈಲಾನ್‌ನಲ್ಲಿ ಹೊಲಿಗೆ ಹಾಕುತ್ತಾ ಇರಿ. ಮಕ್ಕಳ ಕಡೆ ಹೋಗುವವರಿಗಂತೂ ಹೊಲಿಗೆ ಬೇಕೇ ಬೇಕು. ದೊಡ್ಡವರ ಗಾಯ ತಾನೇ ಕೂಡಿಕೊಳ್ಳುತ್ತೆ, ಮಕ್ಕಳದ್ದು ಮೆತ್ತಗೆ, ಕಣ್ಣು ಉಜ್ಜಿಕೊಳ್ಳುತ್ತಾರೆ, ಹೊಲಿಯದೆ ಬಿಡೋಕಾಗಲ್ಲ.

ಮತ್ತೆ ಈ ಕೆಲಸದಲ್ಲಿ ಒಂದೇ ಸಲ ಕಲಿತು ಮುಗಿಯಲ್ಲ. ಹ್ಯಾರಲ್ಡ್ ರಿಡ್ಲಿ 1949ರಲ್ಲಿ ಮೊದಲ ಸಲ ಕಣ್ಣಿನೊಳಗೆ ಲೆನ್ಸ್ ಇಟ್ಟಾಗ ದೊಡ್ಡ ದೊಡ್ಡವರೇ ವಿರೋಧಿಸಿದರು. 1967ರಲ್ಲಿ ಚಾರ್ಲ್ಸ್ ಕೆಲ್ಮನ್ ಫೇಕೋ ತಂದಾಗಲೂ ಅದೇ ಕಥೆ. ಅವತ್ತು ಕೈ ಪಳಗಿದ್ದ ಸರ್ಜನ್‌ಗಳು ಮತ್ತೆ ವಿದ್ಯಾರ್ಥಿಗಳಾಗಬೇಕಾಯಿತು. ನಿಮ್ಮ ಕಾಲದಲ್ಲೂ ಹೀಗೆ ಒಂದೆರಡು ಸಲ ಆಗುತ್ತೆ ಅಂತ ತಿಳಿದೇ ಬನ್ನಿ. ಕುತ್ತಿಗೆ, ಬೆನ್ನು ನೋಡಿಕೊಳ್ಳಿ. ಸ್ಟೂಲಿನ ಎತ್ತರ ಮೊದಲು, ಆಮೇಲೆ ಮೇಜು, ಆಮೇಲೆ ಮೈಕ್ರೋಸ್ಕೋಪು. ನೀವು ಅದಕ್ಕೆ ಬಗ್ಗಬೇಡಿ, ಅದೇ ನಿಮ್ಮ ಹತ್ತಿರ ಬರಲಿ.

ಒಬ್ಬ ತಾಯಿ

ನಾನು ಡಾಕ್ಟರಲ್ಲ. ಮಗಳಿಗೆ ಹುಟ್ಟಿನಿಂದ ಪೊರೆ ಇತ್ತು, ಫೋಟೋದಲ್ಲಿ ಒಂದು ಕಣ್ಣಿನ ಪಾಪೆ ಬೆಳ್ಳಗೆ ಕಂಡಿದ್ದಕ್ಕೆ ಓಡಿದೆವು. ಆಪರೇಷನ್ ಆದ ಮೇಲೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಮುಂದೆ ಇಷ್ಟು ವರ್ಷದ ಕೆಲಸ ಇದೆ ಅಂತ ನಮಗೆ ಮೊದಲೇ ಯಾರೂ ಬಿಡಿಸಿ ಹೇಳಿರಲಿಲ್ಲ. ಕೂಸಿನ ಕಣ್ಣಿಗೆ ದಿನಾ ಕಾಂಟ್ಯಾಕ್ಟ್ ಲೆನ್ಸ್ ಹಾಕಿ ತೆಗೆಯೋದು ಅಂದರೆ ಮನೆಯವರೆಲ್ಲ ಸೇರಿ ಮಾಡುವ ಕೆಲಸ. ನೀವು ಸರ್ಜನ್ ಆದ ಮೇಲೆ ದಯವಿಟ್ಟು ಆಪರೇಷನ್‌ಗೆ ಮುಂಚೆಯೇ ತಂದೆತಾಯಿಯನ್ನು ಕೂರಿಸಿಕೊಂಡು, ಮೊದಲ ವರ್ಷ ಏನೇನು, ಶಾಲೆಗೆ ಹೋಗುವ ಹೊತ್ತಿಗೆ ಏನೇನು ಅಂತ ಒಂದು ಹಾಳೆಯಲ್ಲಿ ಬರೆದುಕೊಡಿ. ಗಾಬರಿಯಲ್ಲಿ ಕೇಳಿದ್ದು ಒಂದೂ ನೆನಪಿರಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ, ನಿಮ್ಮ ಮಾತು ಬರೆದಿಟ್ಟುಕೊಂಡೆ. ಮೇಡಂ, ಇನ್ನೆರಡು ಪ್ರಶ್ನೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ರೆಟಿನಾ (ಕಣ್ಣಿನ ಹಿಂದಿನ ಪರದೆ) ನೋಡೋದನ್ನೂ ಕಲಿಯಬೇಕಾ? ಫೆಲೋಶಿಪ್ ಆರಿಸುವಾಗ ಏನು ಕೇಳಬೇಕು?

ಮಕ್ಕಳ ಕಣ್ಣು ಮತ್ತು ಮೆಳ್ಳೆಗಣ್ಣಿನ ಸರ್ಜನ್

ಕಲಿಯಿರಿ. ಇಂಥ ಮಕ್ಕಳ ರೆಟಿನಾದಲ್ಲಿ ರಕ್ತನಾಳಗಳು ಸರಿಯಾಗಿ ಬೆಳೆಯದ ಕಾಯಿಲೆ ಬರಬಹುದು. ಮುಂದೆ ರೆಟಿನಾದವರೇ ಚಿಕಿತ್ಸೆ ಮಾಡಲಿ, ಅದನ್ನು ಗುರುತಿಸೋದು ನಿಮಗೆ ಬರಲೇಬೇಕು. ಮೊದಲ ಪರೀಕ್ಷೆ ಸಾಮಾನ್ಯವಾಗಿ ಹುಟ್ಟಿದ ಸುಮಾರು 4 ವಾರಕ್ಕೆ. ರಕ್ತನಾಳಗಳು ಹಿಗ್ಗಿ ಸೊಟ್ಟಗಾಗಿವೆಯಾ ಅಂತ ನೋಡುವ ಕಣ್ಣು ನೂರಾರು ರೆಟಿನಾ ನೋಡಿದ ಮೇಲೇ ಬರೋದು. ಚಿಕಿತ್ಸೆ ಬೇಕು ಅಂತ ಕಂಡರೆ 2–3 ದಿನದೊಳಗೆ ಲೇಸರ್ ಅಥವಾ ಇಂಜೆಕ್ಷನ್ ಆಗಬೇಕು, ಮುಂದಿನ ವಾರ ಬನ್ನಿ ಅನ್ನೋಕಾಗಲ್ಲ. ಬಿಳಿ ಪಾಪೆಯ ಮಗು ಬಂದರೂ ಅಷ್ಟೇ. ಪೊರೆ ಇರಬಹುದು, ರೆಟಿನೋಬ್ಲಾಸ್ಟೋಮಾ ಅನ್ನುವ ಕ್ಯಾನ್ಸರೂ ಇರಬಹುದು. ಅದು ಅಲ್ಲ ಅಂತ ಖಾತ್ರಿ ಆಗೋವರೆಗೆ ಕಣ್ಣೊಳಗೆ ಉಪಕರಣ ಇಳಿಸುವಂತಿಲ್ಲ.

ಸಂಪಾದನೆ ಬಗ್ಗೆ ನಿಮ್ಮ ಜೊತೆಯವರು ಹೇಳಿದ್ದು ಸುಳ್ಳಲ್ಲ. ಒಂದು ಮಗು ನೋಡುವ ಹೊತ್ತಿಗೆ ನಾಲ್ಕು ಜನ ದೊಡ್ಡವರನ್ನು ನೋಡಬಹುದು. ಅದಕ್ಕೇ ವಾರದಲ್ಲಿ ಒಂದು ದಿನ ದೊಡ್ಡವರ ಪೊರೆಯ ಪಟ್ಟಿ ಬಿಡದೆ ಇಟ್ಟುಕೊಳ್ಳಿ. ಮನೆಯೂ ನಡೆಯುತ್ತೆ, ಕೈಯೂ ಚುರುಕಾಗಿರುತ್ತೆ.

ಫೆಲೋಶಿಪ್‌ಗೆ ಹೋಗುವ ಮೊದಲು ಅಲ್ಲಿನ ಡಾಕ್ಟರನ್ನು ಬಿಟ್ಟು, ಹಿಂದಿನ ವರ್ಷ ಮುಗಿಸಿದ ಫೆಲೋವನ್ನು ಹಿಡಿದು ಕೇಳಿ. ಎಷ್ಟು ಮೆಳ್ಳೆಗಣ್ಣು ನೀವೇ ಮೊದಲಿಂದ ಕೊನೆಯವರೆಗೆ ಮಾಡಿದಿರಿ, ಎಷ್ಟಕ್ಕೆ ಪಕ್ಕದಲ್ಲಿ ನಿಂತಿರಿ? ದೊಡ್ಡವರ ಮೆಳ್ಳೆಗಣ್ಣು, ಸರಿಪಡಿಸುವ ಹೊಲಿಗೆ ಇದೆಯಾ? ವರ್ಷ ತುಂಬದ ಕೂಸುಗಳ ಪೊರೆ ಬರುತ್ತಾ, ಮಕ್ಕಳ ಅನಸ್ತೇಶಿಯಾ ಗೊತ್ತಿರುವವರು ಇದ್ದಾರಾ? ಆರ್ಥಾಪ್ಟಿಸ್ಟ್ ಜೊತೆ ಕೂರೋಕೆ ಸಮಯ ಕೊಡುತ್ತಾರಾ? ನೀವು ಆಪರೇಷನ್ ಮಾಡಿದ ಮಗುವನ್ನು ನೀವೇ ಮತ್ತೆ ಮತ್ತೆ ನೋಡುತ್ತೀರಾ, ಅಥವಾ ಬೇರೆಯವರು ನೋಡುತ್ತಾರಾ? ಈ ಕೊನೇ ಪ್ರಶ್ನೆಗೆ "ಬೇರೆಯವರು" ಅಂತ ಉತ್ತರ ಬಂದರೆ, ಆ ಜಾಗ ಎಷ್ಟೇ ಹೆಸರುವಾಸಿ ಆಗಿದ್ದರೂ, ನಾನಾದರೆ ಬೇರೆ ಕಡೆ ನೋಡುತ್ತೇನೆ.