ಅಟ್ಟದಿಂದ ಇಳಿದ ಬೇಸ್‌ಬಾಲ್: ಎಸ್.ಪಿ. ರಸ್ತೆಯ ರಿಪೇರಿಯವರಿಗೆ ಕೆಲವು ಪ್ರಶ್ನೆಗಳು

ಪ್ರಶ್ನೆ (ಬಸವನಗುಡಿಯ ಸದಸ್ಯ):
ನಮಸ್ಕಾರ ಸರ್. ಹಳೆಯ ಮನೆಯ ಅಟ್ಟ ಖಾಲಿ ಮಾಡುವಾಗ, ಸೋದರಮಾವ ಎಂಬತ್ತರ ದಶಕದಲ್ಲಿ ಅಮೆರಿಕದಿಂದ ತಂದಿದ್ದ ಮ್ಯಾಟೆಲ್ ಕಂಪನಿಯ ಬೇಸ್‌ಬಾಲ್ ಆಟಿಕೆ ಸಿಕ್ಕಿತು. ಅದರ ಗುಂಗಿನಲ್ಲೇ ಚಿಕ್ಕಪೇಟೆಯ ಸಂಡೇ ಬಜಾರಿನಲ್ಲಿ, ನಿಂಟೆಂಡೊ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಯಂತ್ರವಾದ ಗೇಮ್ ಬಾಯ್‌ನ ‘ಬೇಸ್‌ಬಾಲ್’ ಕಾರ್ಟ್ರಿಡ್ಜ್ (ಯಂತ್ರಕ್ಕೆ ಸಿಕ್ಕಿಸುವ ಆಟದ ಡಬ್ಬಿ) ಒಂದನ್ನೂ ಕೊಂಡೆ. ಸ್ನೇಹಿತನ ಬಳಿ ಅದೇ ಆಟದ ಜಪಾನಿ ಪ್ರತಿ ಇದೆ, ತನ್ನದೇ ಅಸಲಿ ಎನ್ನುತ್ತಾನೆ. ಇವನ್ನು ಹೋಲಿಸುವುದು ಹೇಗೆ? ಮಾವನ ಆಟಿಕೆಯ ಬ್ಯಾಟರಿ ಗೂಡಿನಲ್ಲಿ ಬಿಳಿ ಹುಡಿ ಕಟ್ಟಿದೆ. ಉಜ್ಜಿ ತೆಗೆಯಲೇ?

ಉತ್ತರ:
ಉಜ್ಜಬೇಡಿ, ಮೊದಲು ಫೋಟೊ ತೆಗೆಯಿರಿ. ಸ್ವಚ್ಛ ಮಾಡುವ ಆತುರದಲ್ಲಿ ಗೂಡಿನೊಳಗಿನ ಚೀಟಿಯನ್ನೇ ಕೆರೆದು ಹಾಕಿದವರನ್ನು ಕಂಡಿದ್ದೇನೆ. ಆ ಚೀಟಿಯಲ್ಲೇ ಮಾದರಿಯ ಸಂಖ್ಯೆ ಇರುವುದು, ಅದು ಹೋದರೆ ಆವೃತ್ತಿಯ ಗುರುತೂ ಹೋದಂತೆ.

ಹುಡಿಯಲ್ಲೂ ಎರಡು ಜಾತಿ. ಆಲ್ಕಲೈನ್ ಬ್ಯಾಟರಿ ಸೋರಿದ್ದರೆ ಅದು ಕ್ಷಾರ. ಹತ್ತಿ ಸುತ್ತಿದ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಒರೆಸಬಹುದು. ಆದರೆ ಆ ಕಾಲದಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಸಿಗುತ್ತಿದ್ದುದು ಜಿಂಕ್-ಕಾರ್ಬನ್ ಬ್ಯಾಟರಿ. ಅದರ ಸೋರಿಕೆ ಆಮ್ಲೀಯ, ಅದರ ಮೇಲೆ ವಿನೆಗರ್ ಹಚ್ಚುವುದು ಗಾಯಕ್ಕೆ ಮೆಣಸಿನಪುಡಿ ಹಾಕಿದಂತೆ. ಅದಕ್ಕೆ ಅಡುಗೆ ಸೋಡಾ ಕರಗಿಸಿದ ನೀರು ಸಾಕು. ಎರಡಕ್ಕೂ ಕೊನೆಯಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಂದು ದಿನ ಒಣಗಲು ಬಿಡಿ. ಯಾವ ಬ್ಯಾಟರಿ ಎಂದು ತಿಳಿಯದಿದ್ದರೆ ಒಂದು ಹನಿ ವಿನೆಗರ್ ಹಾಕಿ ನೋಡಿ: ನೊರೆ ಬಂದರೆ ಕ್ಷಾರ.

ಈಗ ಹೋಲಿಕೆಯ ಮಾತು. ಮಾವನದು 1978ರ ಆಟ. ಅದರಲ್ಲಿ ಪರದೆಯೇ ಇಲ್ಲ, ಮೈದಾನದ ಚಿತ್ರದ ನಡುವೆ ಮಿನುಗುವ ಕೆಂಪು ಎಲ್‌ಇಡಿ ಚುಕ್ಕಿಗಳೇ ಚೆಂಡು, ಅವೇ ಆಟಗಾರರು. ಬ್ಯಾಟ್ ಬೀಸುವುದು, ಓಡಿಸುವುದು ನಿಮ್ಮ ಕೆಲಸ, ಉಳಿದದ್ದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಎರಡೇ ವರ್ಷದಲ್ಲಿ, 1980ರಲ್ಲಿ, ಕೊಲೆಕೊ ಕಂಪನಿ ‘ಹೆಡ್ ಟು ಹೆಡ್’ ಬೇಸ್‌ಬಾಲ್ ತಂದಿತು. ಅದರಲ್ಲಿ ಇಬ್ಬರು ಎದುರುಬದುರು ಕೂತು, ಒಬ್ಬ ಎಸೆಯಬೇಕು, ಇನ್ನೊಬ್ಬ ಹೊಡೆಯಬೇಕು. ಚುಕ್ಕಿಗಳು ಅವೇ, ಆದರೆ ಎದುರಿಗೆ ಕೂತು ಹಲ್ಲು ಕಿರಿಯುವ ತಮ್ಮನೊಬ್ಬ ಸೇರಿದ. ನನ್ನನ್ನು ಕೇಳಿದರೆ, ಆವೃತ್ತಿ ಎಂದರೆ ಇದು. ಡಬ್ಬಿಯ ಬಣ್ಣ ಬದಲಾಗುವುದನ್ನೆಲ್ಲ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಕಾರ್ಟ್ರಿಡ್ಜ್ ವಿಷಯಕ್ಕೆ ಬಂದರೆ, ನಿಮ್ಮ ಸ್ನೇಹಿತರ ಜಂಬ ಸ್ವಲ್ಪ ಇಳಿಯಬೇಕು. ಗೇಮ್ ಬಾಯ್ ಜಪಾನಿನಲ್ಲಿ ಬಂದದ್ದು 1989ರ ಏಪ್ರಿಲ್ 21ರಂದು, ಈ ಆಟವೂ ಅದೇ ದಿನ ಬಂತು. ಅಮೆರಿಕದಲ್ಲೂ ಯಂತ್ರದ ಜತೆಗೇ ಮಾರುಕಟ್ಟೆಗೆ ಬಂದ ಆಟಗಳಲ್ಲಿ ಇದೂ ಒಂದು. ಜಪಾನಿ ಪ್ರತಿ, ಅಮೆರಿಕದ ಪ್ರತಿ ಎಂದು ಹೊರಗೆ ಎರಡು, ಒಳಗಿನ ಪ್ರೋಗ್ರಾಂ ಒಂದೇ. ಯಾವ ದೇಶದ ಶೈಲಿಯಲ್ಲಿ ಆಡಬೇಕು ಎಂಬುದನ್ನು ಆಟದೊಳಗೇ ಆರಿಸಿಕೊಳ್ಳಬೇಕು. ಚೆಂಡೆಸೆಯುವವರಲ್ಲಿ ನಿಂಟೆಂಡೊ ಆಟಗಳ ಹೆಸರಾಂತ ಪಾತ್ರಗಳಾದ ಮಾರಿಯೊ, ಲುಯಿಜಿ ಇಬ್ಬರೂ ಇದ್ದಾರೆ, ಹುಡುಕಿ. ಗೇಮ್ ಬಾಯ್‌ಗೆ ಪ್ರದೇಶದ ಬೀಗವಿಲ್ಲ, ಆದ್ದರಿಂದ ಅವರ ಪ್ರತಿಯನ್ನು ನಿಮ್ಮ ಯಂತ್ರಕ್ಕೆ ಹಾಕಿ ಇಂದೇ ಪರೀಕ್ಷಿಸಬಹುದು.

ಪ್ರಶ್ನೆ (ಮಲ್ಲೇಶ್ವರದ ಸದಸ್ಯೆ):
ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಒಳಗಿರುವುದು ಒಂದೇ ಎಂದು ಕಣ್ಣಿಗೆ ಕಾಣುವಂತೆ ತೋರಿಸಲು ಸಾಧ್ಯವೇ? ನಕಲಿಯನ್ನು ಗುರುತಿಸುವುದು ಹೇಗೆ? ಜತೆಗೆ ಬೇಸ್‌ಬಾಲ್ ನಿಯಮವೇ ನನಗೆ ತಿಳಿಯದು. ‘ಬಾಲ್’ ಎಂದರೆ ನಮ್ಮ ವೈಡ್ ಇದ್ದಂತೆಯೇ?

ಉತ್ತರ:
ಹೆಚ್ಚುಕಡಿಮೆ ವೈಡ್ ಇದ್ದಂತೆಯೇ, ಆದರೆ ರನ್ ಸಿಗದು. ನಾಲ್ಕು ಬಾಲ್ ಆದರೆ ಬ್ಯಾಟರ್ ಮೊದಲ ಬೇಸಿಗೆ ಪುಕ್ಕಟೆಯಾಗಿ ನಡೆದು ಹೋಗುತ್ತಾನೆ, ಮೂರು ಸ್ಟ್ರೈಕ್ (ಬೀಸಿ ತಪ್ಪಿದ್ದು ಅಥವಾ ಹೊಡೆಯಬಹುದಾದ ಎಸೆತವನ್ನು ಬಿಟ್ಟದ್ದು) ಆದರೆ ಔಟ್. ಇದರಲ್ಲೇ ಸಂಗ್ರಹಕಾರರಿಗೆ ಒಂದು ಸುಳಿವೂ ಇದೆ. ಆಗಿನ ಜಪಾನಿನ ಸ್ಕೋರ್‌ಬೋರ್ಡ್‌ಗಳಲ್ಲಿ ಮೊದಲು ಸ್ಟ್ರೈಕ್, ಆಮೇಲೆ ಬಾಲ್, ಕೊನೆಗೆ ಔಟ್ ಬರುತ್ತಿತ್ತು. ಅಮೆರಿಕದಲ್ಲಿ ಬಾಲ್ ಮೊದಲು. ಹಳೆಯ ಆಟವೊಂದು ಯಾವ ದೇಶದ ಕಣ್ಣಿಗೆ ತಕ್ಕಂತೆ ತಯಾರಾಯಿತು ಎಂದು ಊಹಿಸಲು ಈ ಸಾಲನ್ನು ನೋಡುವ ಅಭ್ಯಾಸ ನನಗಿದೆ.

ಇನ್ನು ಒಳಗಿನದು. ಕಾರ್ಟ್ರಿಡ್ಜ್ ಓದುವ ಸಾಧನವನ್ನು ಕಂಪ್ಯೂಟರಿಗೆ ಜೋಡಿಸಿದರೆ ಪ್ರೋಗ್ರಾಂನ ತಲೆಬರಹ, ಅಂದರೆ ಆಟದ ವಿವರಗಳಿರುವ ಭಾಗ, ಕಾಣುತ್ತದೆ. 014ಎ ಎಂಬ ವಿಳಾಸದಲ್ಲಿ (ಅದರೊಳಗಿನ ಒಂದು ಸ್ಥಾನ) 00 ಇದ್ದರೆ ಜಪಾನಿಗೆ ಎಂದರ್ಥ, 01 ಇದ್ದರೆ ಹೊರದೇಶಕ್ಕೆ. 014ಸಿ ವಿಳಾಸದಲ್ಲಿರುವುದು ಪರಿಷ್ಕರಣೆಯ ಸಂಖ್ಯೆ. ಇಬ್ಬರ ಕಾರ್ಟ್ರಿಡ್ಜ್‌ಗಳನ್ನೂ ಪೂರ್ತಿ ನಕಲಿಸಿಕೊಂಡು ಬೈಟಿಗೆ ಬೈಟ್ ತಾಳೆ ನೋಡಿದರೆ ಜಗಳ ಐದು ನಿಮಿಷದಲ್ಲಿ ಮುಗಿಯುತ್ತದೆ.

ನಕಲಿ ಪತ್ತೆಗೆ ಬಿಚ್ಚುವುದೇ ದಾರಿ. ಕಾರ್ಟ್ರಿಡ್ಜಿನ ಸ್ಕ್ರೂಗೆ 3.8 ಮಿಲಿಮೀಟರ್‌ನ ವಿಶೇಷ ಬಿಟ್ (ಸ್ಕ್ರೂಡ್ರೈವರಿನ ತುದಿ) ಬೇಕು, ಮಾಮೂಲು ಸ್ಕ್ರೂಡ್ರೈವರ್ ತಿರುಗಿಸಿ ತಲೆ ಹಾಳು ಮಾಡಬೇಡಿ. ಒಳಗೆ ಚಿಪ್ ಇರಬೇಕಾದ ಜಾಗದಲ್ಲಿ ಡಾಂಬರು ಸುರಿದಂತೆ ಕಪ್ಪು ಗುಡ್ಡೆ ಕಂಡರೆ ಅನುಮಾನ ಬಲವಾಗಬೇಕು. ಅಸಲಿಯ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ಲೇಬಲ್ಲನ್ನು ದೀಪಕ್ಕೆ ಓರೆಯಾಗಿ ಹಿಡಿದರೆ ಕಾಗದದಲ್ಲಿ ಒತ್ತಿದ ಎರಡಂಕಿಯ ಸಂಖ್ಯೆಯೂ ಕಾಣಬಹುದು.

ಪ್ರಶ್ನೆ (ಬಸವನಗುಡಿಯ ಸದಸ್ಯ):
ಬಿಚ್ಚಿ ನೋಡಿದೆ ಸರ್. ನನ್ನ ಬಜಾರಿನ ಪ್ರತಿಯಲ್ಲಿ ಕಪ್ಪು ಗುಡ್ಡೆಯೇ ಇದೆ. ನಾನೂರು ರೂಪಾಯಿ ನೀರಿಗೆ ಬಿತ್ತು. ಇನ್ನು ಸ್ನೇಹಿತನ ಮುಖ ನೋಡುವುದು ಹೇಗೆ?

ಉತ್ತರ:
ನಕಲಿ ಎಂದು ಚೀಟಿ ಅಂಟಿಸಿ ಪಕ್ಕದಲ್ಲೇ ಇಡಿ, ಹೋಲಿಸಲು ಅದೂ ಬೇಕು. ನನ್ನ ಡಬ್ಬಿಯಲ್ಲಿ ಅಂಥವು ಹನ್ನೊಂದಿವೆ. ಇಲ್ಲಿ ಹೇಳಲು ನಾಚಿಕೆಯಾಗುತ್ತದೆ, ಅವುಗಳಲ್ಲಿ ಎರಡನ್ನು ಕೊಂಡಾಗ ಈ ರಿಪೇರಿ ಕೆಲಸಕ್ಕೆ ಇಳಿದು ಐದು ವರ್ಷವಾಗಿತ್ತು. ಮಾವನ ಆಟಿಕೆಯನ್ನು ಮಾತ್ರ ಶನಿವಾರ ಅಂಗಡಿಗೆ ತನ್ನಿ. ಅಲ್ಲಿಯವರೆಗೆ ಹೊಸ ಬ್ಯಾಟರಿ ಹಾಕಿ ನೋಡಬೇಡಿ.